ಬೀಪ್ ಬಂತು, ಫೋಟೊ ಮಾತ್ರ ಮಸುಕು

ಪ್ರಶ್ನೆ: ನನ್ನ ಬಳಿ ನಿಕಾನ್ ಡಿ5600 ಕ್ಯಾಮೆರಾ ಇದೆ. ಅದರ ಜೊತೆ ಬಂದ 70-300 ಜೂಮ್ ಲೆನ್ಸ್ ಮತ್ತು ಆಮೇಲೆ ಕೊಂಡ 50 ಎಂಎಂ ಎಫ್/1.8 ಲೆನ್ಸ್ ಬಳಸುತ್ತೇನೆ. ಬಟನ್ ಅರ್ಧ ಒತ್ತಿದಾಗ ಬೀಪ್ ಬರುತ್ತದೆ, ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲಿ ಹಸಿರು ಚುಕ್ಕೆಯೂ ಕಾಣುತ್ತದೆ. ಆದರೆ ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿದರೆ ಶಾರ್ಪ್ ಇರುವುದಿಲ್ಲ. ಮೂರು ಫೋಟೊ ಕಳಿಸಿದ್ದೇನೆ: ಒಂದು ಮಗಳದ್ದು, ಒಂದು ನಮ್ಮೂರ ಯಕ್ಷಗಾನದ್ದು, ಇನ್ನೊಂದು ಗದ್ದೆ ಬದಿಯ ಮಿಂಚುಳ್ಳಿಯದ್ದು. ಅಂಗಡಿಯವರು ಲೆನ್ಸನ್ನು ಸರ್ವಿಸ್‌ಗೆ ಕೊಡಿ ಎನ್ನುತ್ತಾರೆ. ಗೆಳೆಯರು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ತಗೊಳ್ಳಿ ಎನ್ನುತ್ತಾರೆ. ಏನು ಮಾಡಲಿ? ಆಟೊಫೋಕಸ್ ಬಿಟ್ಟು ಕೈಯಲ್ಲೇ ತಿರುಗಿಸಲೇ?
— ಕುಂದಾಪುರ ಕಡೆಯ ಓದುಗರು

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಕಳಿಸಿದ ಮೂರು ಫೋಟೊಗಳೂ ಮಸುಕಾಗಿವೆ ನಿಜ. ಆದರೆ ಮೂರಕ್ಕೂ ಬೇರೆ ಬೇರೆ ಕಾರಣ. ಅದರಲ್ಲಿ ಒಂದಕ್ಕೆ ಫೋಕಸ್ ಜೊತೆ ಸಂಬಂಧವೇ ಇಲ್ಲ. ಎಲ್ಲವನ್ನೂ ಒಂದೇ ಕಾಯಿಲೆ ಅಂದುಕೊಂಡು ಮದ್ದು ಹುಡುಕಿದ್ದರಿಂದಲೇ ನಿಮಗೆ ಇಷ್ಟು ಗೊಂದಲವಾಗಿದೆ.

ಮೊದಲು ಆ ಬೀಪ್ ಏನು ಹೇಳುತ್ತದೆ ಅಂತ ನೋಡೋಣ. ನಿಮ್ಮದು ಡಿಎಸ್‌ಎಲ್‌ಆರ್. ಲೆನ್ಸ್‌ನಿಂದ ಬಂದ ಬೆಳಕನ್ನು ಒಳಗಿನ ಕನ್ನಡಿ ಮೇಲಕ್ಕೆ, ನಿಮ್ಮ ಕಣ್ಣಿಗೆ ಕಳಿಸುತ್ತದೆ. ಆ ಕನ್ನಡಿ ಪೂರ್ತಿ ಕನ್ನಡಿಯಲ್ಲ, ಅದರ ಒಂದು ಭಾಗ ಸ್ವಲ್ಪ ಬೆಳಕನ್ನು ಹಿಂದಕ್ಕೆ ಬಿಡುತ್ತದೆ. ಹಿಂದೆ ಇನ್ನೊಂದು ಪುಟ್ಟ ಕನ್ನಡಿ ಇದೆ, ಅದು ಆ ಬೆಳಕನ್ನು ಕ್ಯಾಮೆರಾದ ತಳದಲ್ಲಿ ಕೂತಿರುವ ಫೋಕಸ್ ಸೆನ್ಸರ್‌ಗೆ ತಿರುಗಿಸುತ್ತದೆ. ಅಲ್ಲಿ ಲೆನ್ಸ್‌ನ ಒಂದು ಬದಿಯಿಂದ ಬಂದ ಚಿತ್ರವನ್ನೂ ಎದುರು ಬದಿಯಿಂದ ಬಂದ ಚಿತ್ರವನ್ನೂ ಹೋಲಿಸುತ್ತಾರೆ. ಮೂಗಿನ ಮುಂದೆ ಬೆರಳು ಹಿಡಿದು ಎಡಗಣ್ಣು, ಬಲಗಣ್ಣು ಒಂದೊಂದೇ ಮುಚ್ಚಿ ನೋಡಿ, ಬೆರಳು ಅತ್ತಿತ್ತ ಜಿಗಿಯುತ್ತದೆ. ಇಲ್ಲಿ ನಡೆಯುವುದೂ ಅದೇ. ಎರಡು ಚಿತ್ರಗಳ ನಡುವೆ ಎಷ್ಟು ಅಂತರ ಇದೆ, ಯಾವ ಕಡೆಗೆ ಇದೆ ಎಂದು ನೋಡಿ ಲೆನ್ಸನ್ನು ಯಾವ ದಿಕ್ಕಿಗೆ ಎಷ್ಟು ತಿರುಗಿಸಬೇಕೆಂದು ಕ್ಯಾಮೆರಾ ಲೆಕ್ಕ ಹಾಕುತ್ತದೆ. ಎರಡೂ ಹೊಂದಿಕೊಂಡ ಕ್ಷಣ ಬೀಪ್ ಹೊಡೆಯುತ್ತದೆ.

ಅಂದರೆ ಬೀಪ್‌ನ ಅರ್ಥ ಇಷ್ಟೇ: ವ್ಯೂಫೈಂಡರ್‌ನಲ್ಲಿ ಕಾಣುವ ಈ ಫೋಕಸ್ ಚೌಕದ ಆಸುಪಾಸಿನಲ್ಲಿ ನನಗೆ ಸಿಕ್ಕಿದ ಗೆರೆಯೋ ಅಂಚೋ ಈ ಕ್ಷಣಕ್ಕೆ ಹೊಂದಿಕೆಯಾಗಿದೆ. ಅದು ಕಣ್ಣೋ ಕಿವಿಯೋ ಕ್ಯಾಮೆರಾಗೆ ಗೊತ್ತಿಲ್ಲ. ನೀವು ಪೂರ್ತಿ ಒತ್ತುವಷ್ಟರಲ್ಲಿ ಅದು ಅಲ್ಲೇ ಇರುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ಶಟರ್ ತೆರೆದಿರುವಾಗ ಅದು ಅಲುಗಾಡುತ್ತದೋ ಎನ್ನುವುದಂತೂ ಅದಕ್ಕೆ ಸಂಬಂಧವೇ ಇಲ್ಲದ ವಿಷಯ. ನಿಮ್ಮ ಮೂರು ಫೋಟೊ ಕೆಟ್ಟದ್ದು ಈ ಮೂರು ಕಡೆಗಳಲ್ಲೇ.

ಯಕ್ಷಗಾನದ ಫೋಟೊದಿಂದ ಶುರು ಮಾಡುತ್ತೇನೆ, ಯಾಕೆಂದರೆ ನೀವು ಹೆಚ್ಚು ಬೇಜಾರು ಮಾಡಿಕೊಂಡಿರುವುದು ಅದಕ್ಕೇ. ಅಭಿಮನ್ಯು ಪಾತ್ರದ ಪುಂಡುವೇಷದವರು ತಿರುಗುತ್ತಿರುವಾಗ ತೆಗೆದದ್ದು. ಮುಖ ಕಲಸಿದ ಹಾಗಿದೆ, ಕೈ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಆದರೆ ಭುಜಕೀರ್ತಿಯನ್ನು ದೊಡ್ಡದು ಮಾಡಿ ನೋಡಿ. ಅದರ ಮೇಲಿನ ಕನ್ನಡಿ ಚೂರುಗಳಿಗೆ ದೀಪದ ಬೆಳಕು ಬಿದ್ದು ಹೊಳೆದಿದೆ. ಒಂದೊಂದು ಹೊಳಪೂ ಚುಕ್ಕೆಯಾಗಿ ಇಲ್ಲ, ಪುಟ್ಟ ಗೆರೆಯಾಗಿ ಎಳೆದುಕೊಂಡಿದೆ. ಫೋಕಸ್ ತಪ್ಪಿದ್ದರೆ ಆ ಚುಕ್ಕೆಗಳು ದುಂಡಗೆ ಉಬ್ಬಿ ಬಿಲ್ಲೆಯ ಹಾಗೆ ಕಾಣಬೇಕಿತ್ತು. ಗೆರೆಯಾಗಿದ್ದರೆ ಅದು ಚಲನೆ. ಯಾರ ಚಲನೆ? ಹಿಂದೆ ನಿಂತಿರುವ ಮೈಕ್ ಸ್ಟ್ಯಾಂಡ್ ನೋಡಿ, ಅದರ ಅಂಚು ಸಾಕಷ್ಟು ಚೊಕ್ಕವಾಗಿದೆ. ನಿಮ್ಮ ಕೈ ನಡುಗಿದ್ದರೆ ಅದೂ ಅದೇ ದಿಕ್ಕಿಗೆ ಎಳೆದುಕೊಳ್ಳಬೇಕಿತ್ತು. ಹಾಗಾಗಿ ಕೈಯೂ ಸರಿ ಇದೆ, ಫೋಕಸೂ ಹೆಚ್ಚು ಕಡಿಮೆ ಸರಿ ಇದೆ. ವೇಷಧಾರಿ ತಿರುಗಿದ್ದಾರೆ, ಶಟರ್ ನಿಧಾನವಾಗಿದೆ, ಅಷ್ಟೇ.

ಹೊಳಪಿನ ಈ ಪರೀಕ್ಷೆಯನ್ನು ಎಲ್ಲ ಫೋಟೊಗಳಿಗೂ ಮಾಡಿ. ಕಣ್ಣಿನ ಒಳಗಿನ ಕಿಟಕಿ ಬೆಳಕು, ಎಲೆ ಮೇಲಿನ ನೀರಹನಿ, ಮೂಗುತಿಯ ಹರಳು, ಬೈಕಿನ ಕ್ರೋಮ್, ಯಾವುದಾದರೂ ಆದೀತು. ಬಿಲ್ಲೆಯಾಗಿದ್ದರೆ ಫೋಕಸ್ ತಪ್ಪಿದೆ. ಇಡೀ ಚಿತ್ರದಲ್ಲಿ ಒಂದೇ ದಿಕ್ಕಿನ ಗೆರೆಯಾಗಿದ್ದರೆ ಕೈ ಅಲುಗಿದೆ. ವಸ್ತುವಿನ ಮೇಲೆ ಮಾತ್ರ ಗೆರೆಯಾಗಿದ್ದರೆ ವಸ್ತು ಅಲುಗಿದೆ.

ಫೈಲಿನ ಮಾಹಿತಿ ನೋಡಿದೆ. 135 ಎಂಎಂ, ಎಫ್/5.6 (ಲೆನ್ಸ್‌ನ ಬೆಳಕಿನ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ಐಎಸ್ಒ 3200 (ಸಿಕ್ಕ ಬೆಳಕನ್ನು ಹಿಗ್ಗಿಸುವ ಮಟ್ಟ, ಏರಿದಷ್ಟೂ ಚಿತ್ರ ಕಾಳುಕಾಳು), ಶಟರ್ ಸೆಕೆಂಡಿನ 1/80. ಕುಣಿಯುವವರ ಕೈ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬೀಸುತ್ತದೆ ಅಂದುಕೊಳ್ಳಿ, ಅದೇನೂ ದೊಡ್ಡ ವೇಗವಲ್ಲ. 1/80 ಸೆಕೆಂಡಿನಲ್ಲಿ ಅದು ಎರಡೂವರೆ ಸೆಂಟಿಮೀಟರ್ ಹೋಗಿಬಿಟ್ಟಿರುತ್ತದೆ. 1/500 ಇದ್ದರೆ ನಾಲ್ಕು ಮಿಲಿಮೀಟರ್. ಲೆನ್ಸ್‌ನಲ್ಲಿರುವ ವಿಆರ್ ಎಂಬ ಸೌಲಭ್ಯ ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಅಭಿಮನ್ಯುವನ್ನು ತಡೆಯುವುದಿಲ್ಲ.

ಈಗ ನೀವು ಕೇಳಬಹುದು, 1/500 ಇಟ್ಟರೆ ಐಎಸ್ಒ ಇಪ್ಪತ್ತು ಸಾವಿರಕ್ಕೆ ಏರುತ್ತದಲ್ಲ ಅಂತ. ಜೂಮ್ ಲೆನ್ಸ್‌ನಲ್ಲಿ ಹೌದು. ಆದರೆ ಅದಕ್ಕೆ ಪರಿಹಾರ ನಿಮ್ಮ ಚೀಲದಲ್ಲೇ ಇದೆ. 50 ಎಂಎಂ ಹಾಕಿ, ಎಫ್/2.2 ಇಟ್ಟು, ರಂಗಸ್ಥಳಕ್ಕೆ ನಾಲ್ಕು ಮೀಟರ್ ಹತ್ತಿರ ಹೋಗಿ ಕೂರಿ. ಎಫ್/5.6ರಿಂದ ಎಫ್/2.2ಕ್ಕೆ ಬಂದಾಗ ಸಿಗುವ ಹೆಚ್ಚುವರಿ ಬೆಳಕು 1/80ರಿಂದ 1/500ಕ್ಕೆ ಹೋಗಲು ಸರಿಸುಮಾರು ಸಾಕು. ಐಎಸ್ಒ ಆ ಹಳೆಯ 3200ರಲ್ಲೇ ಉಳಿಯುತ್ತದೆ. ಫೋಕಸ್‌ನ ಆಳ, ಅಂದರೆ ಶಾರ್ಪ್ ಬರುವ ಜಾಗದ ದಪ್ಪ, ಕಡಿಮೆಯಾಗಿಬಿಡುತ್ತದೆ ಎಂಬ ಭಯ ಬೇಡ. ನಾಲ್ಕು ಮೀಟರ್ ದೂರದಲ್ಲಿ ಎಫ್/2.2 ಅಂದರೂ ಹಿಂದೆ ಮುಂದೆ ಸೇರಿ ಅರ್ಧ ಮೀಟರ್ ಸಿಗುತ್ತದೆ. ಕಿರೀಟದಿಂದ ಎದೆಕಟ್ಟಿನವರೆಗೆ ಎಲ್ಲವೂ ಅದರೊಳಗೆ ಬರುತ್ತದೆ. ಆದ್ದರಿಂದ ಇಲ್ಲಿ ಕಣ್ಣಿಗೇ ಫೋಕಸ್ ಮಾಡಬೇಕೆಂದು ಒದ್ದಾಡಬೇಡಿ. ಬಣ್ಣ ಬಳಿದ ಕೆನ್ನೆ ನುಣುಪಾಗಿರುತ್ತದೆ, ಫೋಕಸ್ ಸೆನ್ಸರ್‌ಗೆ ಅಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಲೆನ್ಸ್ ಹಿಂದೆ ಮುಂದೆ ಓಡಾಡುತ್ತದೆ. ಹಣೆಯೂ ಕಿರೀಟದ ತಗಡೂ ಸೇರುವ ಗೆರೆ, ಇಲ್ಲವೇ ಎದೆಕಟ್ಟು, ಇವಕ್ಕೆ ಚೌಕ ಇಡಿ. ಚಕ್ಕನೆ ಹಿಡಿಯುತ್ತದೆ.

ಬಯಲಾಟದ ರಾತ್ರಿ ಇನ್ನೂ ಮೂರು ವಿಷಯ. ಕ್ಯಾಮೆರಾದ ಮುಂಭಾಗದಿಂದ ಹೊಮ್ಮುವ ಫೋಕಸ್ ದೀಪವನ್ನು ಮೆನುವಿನಲ್ಲಿ ಆಫ್ ಮಾಡಿಬಿಡಿ. ಅದರ ಬೆಳಕು ಮೂರು ಮೀಟರ್ ಆಚೆ ಹೋಗುವುದಿಲ್ಲ, ನಿಮಗೆ ಉಪಯೋಗವಿಲ್ಲ, ಭಾಗವತರ ಕಣ್ಣಿಗೆ ಕಿರಿಕಿರಿ. ಎರಡನೆಯದು, ಎಲ್‌ಇಡಿ ದೀಪಗಳು ಎಷ್ಟೋ ಕಡೆ ಕಣ್ಣಿಗೆ ಕಾಣದ ಹಾಗೆ ಮಿನುಗುತ್ತಿರುತ್ತವೆ. 1/500 ಇಟ್ಟಾಗ ಕೆಲವು ಫೋಟೊಗಳಲ್ಲಿ ಅಡ್ಡ ಪಟ್ಟೆ ಬರಬಹುದು, ಒಂದಕ್ಕೊಂದು ಬೆಳಕು ಹೆಚ್ಚು ಕಡಿಮೆಯಾಗಬಹುದು. ಅದೂ ಲೆನ್ಸ್‌ನ ದೋಷವಲ್ಲ. ಮೂರನೆಯದು, ಧಿಗಿಣ (ಹಾರಿ ಸುತ್ತುವ ಕುಣಿತ) ಹೊಡೆಯುವಾಗ ಎತ್ತರಕ್ಕೆ ಹೋದ ತುದಿಯಲ್ಲಿ ದೇಹ ಒಂದು ಗಳಿಗೆ ನಿಂತ ಹಾಗಿರುತ್ತದೆ, ಆಗ ಒತ್ತಿ. ಚೆಂಡೆಯ ಪೆಟ್ಟು ಕೇಳಿಸಿಕೊಂಡು ಬೆಳೆದವರಿಗೆ ಆ ಗಳಿಗೆ ಯಾವಾಗ ಬರುತ್ತದೆಂದು ಕ್ಯಾಮೆರಾಗಿಂತ ಚೆನ್ನಾಗಿ ಗೊತ್ತಿರುತ್ತದೆ. ನೀವು ಅಲ್ಲಿಯವರೇ, ನಿಮಗೆ ಹೇಳಬೇಕಿಲ್ಲ.

ಇನ್ನು ಮಗಳ ಫೋಟೊ. ಇದು ನಿಜವಾಗಿಯೂ ಫೋಕಸ್ ತಪ್ಪಿದ್ದು. ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿದೆ. ಕಿವಿಯ ಜುಮುಕಿಯ ಒಂದೊಂದು ಮಣಿಯನ್ನೂ ಎಣಿಸಬಹುದು, ಕಣ್ಣಿನ ರೆಪ್ಪೆಗಳು ಮಾತ್ರ ಒಂದಕ್ಕೊಂದು ಅಂಟಿಕೊಂಡಿವೆ. ಕಣ್ಣೊಳಗಿನ ಹೊಳಪು ಬಿಲ್ಲೆಯಾಗಿದೆ. 50 ಎಂಎಂ, ಎಫ್/1.8, ದೂರ ಸುಮಾರು ಒಂದೂವರೆ ಮೀಟರ್. ನಿಮ್ಮ ಕ್ಯಾಮೆರಾದ ಸೆನ್ಸರ್ ಅಳತೆಗೆ ಈ ಲೆಕ್ಕದಲ್ಲಿ ಶಾರ್ಪ್ ಬರುವ ಜಾಗದ ಒಟ್ಟು ದಪ್ಪ ಆರು ಸೆಂಟಿಮೀಟರ್. ಫೋಕಸ್ ಬಿದ್ದ ಜಾಗದಿಂದ ಮುಂದೆ ಮೂರು, ಹಿಂದೆ ಮೂರು. ಅದೂ ಸಾಧಾರಣ ಅಳತೆಯ ಪ್ರಿಂಟ್ ನೋಡುವವರ ಲೆಕ್ಕ. ಕಂಪ್ಯೂಟರ್‌ನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ ನೋಡುವ ನಮ್ಮಂಥವರಿಗೆ ಅದು ಇನ್ನೂ ತೆಳು. ಫೋಕಸ್ ಜುಮುಕಿಗೆ ಬಿದ್ದರೆ ಹತ್ತಿರದ ಕಣ್ಣು ಆ ಜಾಗದಿಂದ ಆಚೆ ಬಿತ್ತೆಂದೇ ಲೆಕ್ಕ.

ಜುಮುಕಿಗೆ ಯಾಕೆ ಬಿತ್ತು? ನಿಕಾನ್‌ನವರ ಎನ್ಎಕ್ಸ್ ಸ್ಟುಡಿಯೊ ಎಂಬ ಉಚಿತ ತಂತ್ರಾಂಶದಲ್ಲಿ ಫೋಟೊ ತೆರೆದರೆ ಯಾವ ಚೌಕ ಬಳಸಿದ್ದೀರಿ ಅಂತ ಕಾಣುತ್ತದೆ. ಈ ಫೋಟೊದಲ್ಲಿ ಚೌಕ ಮಗಳ ಕುತ್ತಿಗೆಯ ಮೇಲಿದೆ. ಕುತ್ತಿಗೆಗೆ ಫೋಕಸ್ ಮಾಡಿದಿರಿ ಅಂತಲ್ಲ. ನಡುವಿನ ಚೌಕವನ್ನು ಮುಖಕ್ಕೆ ಹಿಡಿದು, ಅರ್ಧ ಒತ್ತಿ, ಬೀಪ್ ಬಂದ ಮೇಲೆ ಕ್ಯಾಮೆರಾ ಸರಿಸಿ ಚೌಕಟ್ಟು ಹೊಂದಿಸಿದ್ದೀರಿ. ಎಲ್ಲರೂ ಮಾಡುವುದೇ. ಹಾಗೆ ಸರಿಸುವುದೇ ಮಹಾಪರಾಧ ಅಂತ ಹೇಳಿಕೊಡುವವರು ಬಹಳ ಜನ. ನಾನು ಅಷ್ಟು ದೂರ ಹೋಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಈ ದೂರದಲ್ಲಿ ಕಣ್ಣನ್ನು ನಡುವಿನಿಂದ ಮೇಲಿನ ಮೂರನೇ ಒಂದು ಭಾಗದ ಗೆರೆಗೆ ತಂದರೆ ಕೋನದ ಕಾರಣಕ್ಕೆ ಆಗುವ ವ್ಯತ್ಯಾಸ ಅರ್ಧ ಸೆಂಟಿಮೀಟರ್ ಮಾತ್ರ. ತೀರಾ ಮೇಲಂಚಿಗೆ ಒಯ್ದರೆ ಮೂರು ನಾಲ್ಕು ಸೆಂಟಿಮೀಟರ್ ಹತ್ತಿರ ಹೋಗುತ್ತದೆ, ಆಗ ತೊಂದರೆ. ನಿಜವಾದ ಕಳ್ಳ ಬೇರೆ. ಬೀಪ್‌ಗೂ ಕ್ಲಿಕ್‌ಗೂ ನಡುವೆ ಸೆಕೆಂಡೋ ಎರಡು ಸೆಕೆಂಡೋ ಕಳೆಯುತ್ತದೆ. ಅಷ್ಟರಲ್ಲಿ ನಿಂತಲ್ಲೇ ನಿಮ್ಮ ಮೈ ಮುಂದೆ ಹಿಂದೆ ತೂಗುತ್ತದೆ, ಮಗು ನಗಲು ಮುಂದೆ ಬಾಗುತ್ತದೆ. ಮೂರು ಸೆಂಟಿಮೀಟರ್ ಅಂದರೆ ಎರಡು ಬೆರಳಿನ ಅಗಲ. ಅಷ್ಟು ಅಲುಗಾಡದೆ ನಿಲ್ಲುವುದು ಯಾರಿಂದಲೂ ಕಷ್ಟ.

ಇದರ ಜೊತೆ ಇನ್ನೊಂದು ಗುಟ್ಟು. ವ್ಯೂಫೈಂಡರ್‌ನಲ್ಲಿ ಕಾಣುವ ಚೌಕಕ್ಕಿಂತ ನಿಜವಾದ ಸೆನ್ಸರ್ ಜಾಗ ದೊಡ್ಡದಿರುತ್ತದೆ. ನೀವು ಚೌಕವನ್ನು ಕಣ್ಣ ಕೊನೆಗೆ ಇಟ್ಟಿದ್ದರೂ ಪಕ್ಕದಲ್ಲಿ ಫಳಫಳ ಹೊಳೆಯುವ ಜುಮುಕಿ ಇದ್ದರೆ ಅದು ಅಲ್ಲಿಗೇ ಜಾರಬಹುದು. ಕನ್ನಡಕದ ಫ್ರೇಮು, ಹಣೆ ಮೇಲೆ ಇಳಿದ ಕೂದಲು, ಮದುಮಗಳ ಬೈತಲೆ ಬೊಟ್ಟು, ಇವೂ ಹೀಗೇ ಎಳೆದುಕೊಳ್ಳುತ್ತವೆ.

ಹಾಗಾಗಿ ಮಕ್ಕಳ ಫೋಟೊಗೆ ಮೊದಲ ಸಲಹೆ, ಎಫ್/1.8 ಬಿಡಿ. ಲೆನ್ಸ್ ಕೊಂಡದ್ದೇ ಅದಕ್ಕೆ ಅಂತ ಗೊತ್ತು, ಆದರೂ ಎಫ್/2.8 ಇಡಿ. ಆರು ಸೆಂಟಿಮೀಟರ್ ಇದ್ದ ಶಾರ್ಪ್ ಜಾಗ ಒಂಬತ್ತೂವರೆ ಆಗುತ್ತದೆ. ಹಿನ್ನೆಲೆ ಆಗಲೂ ಸಾಕಷ್ಟು ಕರಗುತ್ತದೆ, ಗೋಡೆಗೆ ಒರಗಿಸಿ ನಿಲ್ಲಿಸದಿದ್ದರೆ ಸಾಕು. ಎರಡನೆಯದು, ನಡುವಿನ ಚೌಕದಿಂದ ಸರಿಸುವ ಬದಲು ಚೌಕವನ್ನೇ ಕಣ್ಣಿನ ಹತ್ತಿರ ತನ್ನಿ. ಡಿ5600ದಲ್ಲಿ ಇದಕ್ಕೊಂದು ಒಳ್ಳೆಯ ಸೌಲಭ್ಯ ಇದೆ, ಹೆಚ್ಚಿನವರು ಅದನ್ನು ಮುಟ್ಟಿಯೇ ಇರುವುದಿಲ್ಲ. ಮೆನುವಿನಲ್ಲಿ ಟಚ್ ಎಫ್ಎನ್ ಎಂಬಲ್ಲಿ ಫೋಕಸ್ ಪಾಯಿಂಟ್ ಆಯ್ಕೆಯನ್ನು ಕೊಟ್ಟುಕೊಂಡರೆ, ವ್ಯೂಫೈಂಡರ್‌ಗೆ ಕಣ್ಣಿಟ್ಟುಕೊಂಡೇ ಹಿಂದಿನ ಪರದೆಯ ಮೇಲೆ ಹೆಬ್ಬೆರಳು ಸವರಿ ಚೌಕವನ್ನು ಓಡಿಸಬಹುದು. ಮೂಗು ತಾಗಿ ಚೌಕ ಹಾರಿಹೋಗುವುದುಂಟು. ಎಡಗಣ್ಣಿನಲ್ಲಿ ನೋಡುವ ಅಭ್ಯಾಸದವರಿಗೆ ಆ ಕಾಟ ಜಾಸ್ತಿ.

ಒಂದು ಎಚ್ಚರಿಕೆ ಮಾತ್ರ ಬೇಕು. ನಿಮ್ಮ ಕ್ಯಾಮೆರಾದ 39 ಚೌಕಗಳಲ್ಲಿ ನಡುವಿನ 9 ಮಾತ್ರ ಕ್ರಾಸ್ ಮಾದರಿಯವು. ಅಂದರೆ ಅಡ್ಡಗೆರೆ, ಉದ್ದಗೆರೆ ಎರಡನ್ನೂ ಗುರುತಿಸುತ್ತವೆ. ಅಂಚಿನ ಉಳಿದವು ಒಂದೇ ದಿಕ್ಕಿನ ಗೆರೆಗಳನ್ನು ನೋಡಬಲ್ಲವು. ಕಿಟಕಿ ಸರಳು ಅಥವಾ ಪಟ್ಟೆ ಸೀರೆಯ ಮೇಲೆ ಅಂಚಿನ ಚೌಕ ಹಿಡಿಯದೆ ಸತಾಯಿಸಿದರೆ ಕ್ಯಾಮೆರಾವನ್ನು ಸ್ವಲ್ಪ ವಾಲಿಸಿ ಅರ್ಧ ಒತ್ತಿ, ಹಿಡಿದ ಮೇಲೆ ನೆಟ್ಟಗೆ ಮಾಡಿ. ಕತ್ತಲಾಗುತ್ತ ಬಂದರೆ ಅಂಚಿನವನ್ನು ಮರೆತು ನಡುವಿನ ಒಂಬತ್ತರಲ್ಲೇ ಇರುವುದು ಒಳ್ಳೆಯದು.

ಮಿಂಚುಳ್ಳಿಯ ಫೋಟೊಕ್ಕೆ ಹೆಚ್ಚು ಮಾತು ಬೇಕಿಲ್ಲ. ಹಕ್ಕಿಯ ಮುಂದಿನ ಹುಲ್ಲಿನ ಎಸಳು ಕತ್ತಿಯ ಅಲಗಿನಷ್ಟು ಚೂಪಾಗಿದೆ. ಫೋಕಸ್ ಚೌಕವೂ ಅದರ ಮೇಲೇ ಇದೆ. ನೀವು ಆಟೊ ಏರಿಯಾ ಇಟ್ಟಿದ್ದಿರಿ, ಅಂದರೆ 39 ಚೌಕಗಳಲ್ಲಿ ಯಾವುದು ಬೇಕೋ ಕ್ಯಾಮೆರಾವೇ ಆರಿಸಿಕೊಳ್ಳಲಿ ಅಂತ ಬಿಟ್ಟಿದ್ದಿರಿ. ಹೀಗೆ ಬಿಟ್ಟರೆ ಅದು ಸಾಮಾನ್ಯವಾಗಿ ಹತ್ತಿರದ, ಗೆರೆ ಸ್ಪಷ್ಟವಿರುವ ವಸ್ತುವನ್ನು ಹಿಡಿಯುತ್ತದೆ. ಎಂಟು ಮೀಟರ್ ದೂರದಲ್ಲಿ 300 ಎಂಎಂ, ಎಫ್/6.3ಕ್ಕೆ ಶಾರ್ಪ್ ಜಾಗ ಒಟ್ಟು ಹದಿನೇಳು ಸೆಂಟಿಮೀಟರ್. ಹುಲ್ಲು ಒಂದು ಅಡಿ ಮುಂದಿದ್ದರೆ ಹಕ್ಕಿ ಕೆಟ್ಟಿತೆಂದೇ ತಿಳಿಯಿರಿ. ಆಟೊ ಏರಿಯಾ ಎಂಬುದನ್ನು ನೀವು ಇವತ್ತೇ ತೆಗೆದುಬಿಡಬೇಕು. ಡಿಎಸ್‌ಎಲ್‌ಆರ್‌ನಲ್ಲಿ ಅದು ಮನೆಮಂದಿಯ ಗ್ರೂಪ್ ಫೋಟೊ ಬಿಟ್ಟು ಬೇರೆ ಯಾವುದಕ್ಕೂ ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ.

ಕೂತ ಹಕ್ಕಿಗೆ ಸಿಂಗಲ್ ಪಾಯಿಂಟ್, ನಡುವಿನ ಚೌಕ. ರೆಕ್ಕೆಯ ಬಣ್ಣವೂ ಎದೆಯ ಬಣ್ಣವೂ ಸೇರುವಲ್ಲಿ ಇಡಿ. ಪೊದೆಯೊಳಗೆ ಕೂತಿದ್ದು, ಫೋಕಸ್ ಪದೇ ಪದೇ ಹಿಂದಿನ ಮರಕ್ಕೆ ಓಡಿಹೋದರೆ ಗುದ್ದಾಡುತ್ತ ನಿಲ್ಲಬೇಡಿ. ಹಕ್ಕಿಯಷ್ಟೇ ದೂರದಲ್ಲಿರುವ ಬೇಲಿಗೂಟಕ್ಕೋ ನೆಲಕ್ಕೋ ಮೊದಲು ಫೋಕಸ್ ಮಾಡಿ, ಆಮೇಲೆ ಹಕ್ಕಿಗೆ ತಿರುಗಿಸಿ. ಲೆನ್ಸ್ ಆಗಲೇ ಆ ಆಸುಪಾಸಿನಲ್ಲಿ ಇರುವುದರಿಂದ ಬೇಗ ಹಿಡಿಯುತ್ತದೆ. ಶಟರ್ 1/500ಕ್ಕಿಂತ ಕಡಿಮೆ ಬೇಡ. ಮಧ್ಯಾಹ್ನ ಹೊತ್ತು ಗದ್ದೆಯ ಮೇಲೆ, ನೀರಿನ ಮೇಲೆ ಬಿಸಿಗಾಳಿ ಅಲೆಯಾಡುತ್ತಿರುತ್ತದೆ. ದೂರದ ಹಕ್ಕಿ ಆಗ ಎಷ್ಟು ದುಬಾರಿ ಲೆನ್ಸ್‌ನಲ್ಲೂ ಕರಗಿದ ಹಾಗೇ ಬರುತ್ತದೆ. ಆ ಹೊತ್ತಿನ ಫೋಟೊ ಇಟ್ಟುಕೊಂಡು ಲೆನ್ಸ್‌ಗೆ ಮಾರ್ಕ್ಸ್ ಹಾಕಬೇಡಿ. ಲೆನ್ಸ್ ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ತೆಗೆದು ನೋಡಿ. 300 ಎಂಎಂನಲ್ಲಿ ಅದು ಮಾಡುವ ಹಾನಿ ಚೆನ್ನಾಗಿಯೇ ಕಾಣುತ್ತದೆ.

ಇಷ್ಟಾದ ಮೇಲೆ ಫೋಕಸ್ ಮೋಡ್ ವಿಷಯ. ಕ್ಯಾಮೆರಾ ಈಗ ಎಎಫ್-ಎ ಎಂಬಲ್ಲಿದೆ, ಪೆಟ್ಟಿಗೆಯಿಂದ ತೆಗೆದಾಗ ಇರುವುದೂ ಅದೇ. ವಸ್ತು ನಿಂತಿದೆಯೋ ಓಡುತ್ತಿದೆಯೋ ಕ್ಯಾಮೆರಾವೇ ಊಹಿಸಿ ನಿರ್ಧರಿಸುತ್ತದೆ. ಊಹೆ ಅದಕ್ಕೆ ಬಿಡಬೇಡಿ. ನಿಂತದ್ದಕ್ಕೆ ಎಎಫ್-ಎಸ್, ಚಲಿಸುವುದಕ್ಕೆ ಎಎಫ್-ಸಿ. ಎಎಫ್-ಸಿ ಇಟ್ಟಾಗ ಬೀಪ್ ಬರುವುದಿಲ್ಲ. ಕೆಟ್ಟುಹೋಯಿತು ಅಂತ ಗಾಬರಿಯಾಗುವವರು ತುಂಬ ಜನ, ಅದಕ್ಕೇ ಹೇಳುತ್ತಿದ್ದೇನೆ. ನೀವು ಬಟನ್ ಅರ್ಧ ಒತ್ತಿ ಹಿಡಿದಿರುವಷ್ಟು ಹೊತ್ತೂ ಅದು ಫೋಕಸ್ ಬದಲಿಸುತ್ತಲೇ ಇರುತ್ತದೆ, ಆಯಿತು ಅಂತ ಹೇಳುವ ಗಳಿಗೆಯೇ ಅದಕ್ಕಿಲ್ಲ. ಈ ಮೋಡ್‌ನಲ್ಲಿ ಚೌಕವನ್ನು ವಸ್ತುವಿನ ಮೇಲೇ ಇಟ್ಟುಕೊಂಡಿರಬೇಕು. ಸರಿಸಿದರೆ ಫೋಕಸೂ ಸರಿಯುತ್ತದೆ. ಯಕ್ಷಗಾನಕ್ಕೆ, ಮೇಲೆ ಸುತ್ತುವ ಗರುಡನಿಗೆ, ಓಡಾಡುವ ಮಗಳಿಗೆ ಎಎಫ್-ಸಿ ಜೊತೆ ಡೈನಮಿಕ್ ಏರಿಯಾದ 9 ಚೌಕ ಸಾಕು. ನೀವು ಆರಿಸಿದ ಚೌಕದಿಂದ ವಸ್ತು ಗಳಿಗೆ ಹೊತ್ತು ಜಾರಿದರೆ ಸುತ್ತಲಿನ ಚೌಕಗಳು ಆಧಾರ ಕೊಡುತ್ತವೆ. 39 ಇಟ್ಟರೆ ಹಿನ್ನೆಲೆಗೆ ಓಡುವ ಸಂಭವ ಹೆಚ್ಚು, ಬರೀ ನೀಲಿ ಆಕಾಶ ಇದ್ದಾಗ ಮಾತ್ರ ಅದು ಸರಿ.

ಕಸ್ಟಮ್ ಸೆಟ್ಟಿಂಗ್ ಮೆನುವಿನಲ್ಲಿ ಎಎಫ್-ಸಿ ಪ್ರಯಾರಿಟಿ ಎಂದಿರುತ್ತದೆ. ರಿಲೀಸ್ ಇಟ್ಟರೆ ನೀವು ಒತ್ತಿದ ತಕ್ಷಣ ಕ್ಲಿಕ್ ಆಗುತ್ತದೆ, ಫೋಕಸ್ ಆಗಿರಲಿ ಬಿಡಲಿ. ಫೋಕಸ್ ಇಟ್ಟರೆ ಹೊಂದಿಕೆಯಾಗುವವರೆಗೆ ಕಾಯುತ್ತದೆ. ನಿಮ್ಮ ಹಂತದಲ್ಲಿ ಫೋಕಸ್ ಇಡಿ. ಕ್ಲಿಕ್ ಆಗದೆ ತಪ್ಪಿಹೋದ ಕ್ಷಣಗಳ ಸಿಟ್ಟು ಬಂದಾಗ ರಿಲೀಸ್‌ಗೆ ಹೋದರಾಯಿತು. ಹಕ್ಕಿ ತೆಗೆಯುವವರು ಹಿಂಬದಿಯ ಎಇ-ಎಲ್/ಎಎಫ್-ಎಲ್ ಗುಂಡಿಗೆ ಫೋಕಸ್ ಕೆಲಸ ಕೊಟ್ಟು, ಶಟರ್ ಬಟನ್‌ನಿಂದ ಅದನ್ನು ಬೇರ್ಪಡಿಸಿಕೊಳ್ಳುತ್ತಾರೆ. ನಾನೂ ಹಾಗೇ ಮಾಡುವುದು. ಗುಂಡಿ ಒತ್ತಿ ಹಿಡಿದರೆ ಎಎಫ್-ಸಿ, ಬಿಟ್ಟರೆ ಫೋಕಸ್ ಅಲ್ಲೇ ನಿಲ್ಲುತ್ತದೆ, ಮೋಡ್ ಬದಲಿಸುವ ತಾಪತ್ರಯವಿಲ್ಲ. ಕೈಗೆ ಹೊಂದಲು ಒಂದಷ್ಟು ದಿನ ಬೇಕು. ಮನೆಯವರ ಕೈಗೆ ಕ್ಯಾಮೆರಾ ಕೊಟ್ಟಾಗ ಅವರಿಗೆ ಫೋಕಸ್ಸೇ ಆಗುವುದಿಲ್ಲ ಎಂಬುದೂ ನೆನಪಿರಲಿ.

ಆಟೊಫೋಕಸ್ ಬಿಟ್ಟು ಕೈಯಲ್ಲೇ ತಿರುಗಿಸಲೇ ಅಂತ ಪತ್ರದ ಕೊನೆಗೆ ಕೇಳಿದ್ದೀರಿ. ಎಫ್/1.8ರಲ್ಲಿ ಅದು ಆಗದ ಕೆಲಸ. ಈಗಿನ ಕ್ಯಾಮೆರಾಗಳ ವ್ಯೂಫೈಂಡರ್ ಗಾಜು ಎಫ್/1.8ರ ಅಷ್ಟು ತೆಳು ಫೋಕಸನ್ನು ತೋರಿಸುವುದಿಲ್ಲ. ಕಣ್ಣಿಗೆ ಶಾರ್ಪ್ ಕಂಡದ್ದು ಫೋಟೊದಲ್ಲಿ ಇರುವುದಿಲ್ಲ. ರೀಲಿನ ಕಾಲದ ಕ್ಯಾಮೆರಾಗಳಲ್ಲಿ ನಡುವೆ ಎರಡಾಗಿ ಒಡೆದ ಚಿತ್ರ ಕೂಡಿಕೊಳ್ಳುವ ಗಾಜು ಇರುತ್ತಿತ್ತು. 1985ರಲ್ಲಿ ಮಿನೋಲ್ಟಾ 7000 ಬಂದು ಆಟೊಫೋಕಸ್ ಬೇರೂರಿದ ಮೇಲೆ ಆ ಗಾಜು ಮೆಲ್ಲಗೆ ಮಾಯವಾಯಿತು. ಹಾಗೇ ವ್ಯೂಫೈಂಡರ್ ಪಕ್ಕದ ಪುಟ್ಟ ಡಯಾಪ್ಟರ್ ಚಕ್ರವನ್ನೂ (ವ್ಯೂಫೈಂಡರನ್ನು ನಿಮ್ಮ ದೃಷ್ಟಿಗೆ ಹೊಂದಿಸುವುದು) ಒಮ್ಮೆ ನೋಡಿ. ಅದು ತಿರುಗಿದ್ದರೆ ನಿಮಗೆ ಒಳಗಿನ ಅಂಕಿಗಳೂ ಮಸುಕಾಗಿ ಕಾಣುತ್ತವೆ. ಫೋಟೊಗೆ ಅದರಿಂದ ಏನೂ ಆಗುವುದಿಲ್ಲ, ನಿಮ್ಮ ನಂಬಿಕೆ ಮಾತ್ರ ಅಲುಗಾಡುತ್ತದೆ.

ಮಿರರ್‌ಲೆಸ್ ಬಗ್ಗೆ ನಿಮ್ಮ ಗೆಳೆಯರು ಹೇಳುವುದರಲ್ಲಿ ಸತ್ಯ ಇದೆ. ಅದರಲ್ಲಿ ಫೋಟೊ ಮೂಡುವ ಸೆನ್ಸರ್ ಮೇಲೇ ಫೋಕಸ್ ಅಳೆಯುತ್ತಾರೆ. ಕನ್ನಡಿ ಇಲ್ಲ, ತಳದಲ್ಲಿ ಬೇರೆ ಸೆನ್ಸರ್ ಇಲ್ಲ, ಅವೆರಡರ ನಡುವೆ ಹೊಂದಿಕೆ ತಪ್ಪುವ ಪ್ರಶ್ನೆಯೂ ಇಲ್ಲ. ಮುಖ, ಕಣ್ಣು ಗುರುತಿಸಿ ಅದಕ್ಕೇ ಅಂಟಿಕೊಳ್ಳುತ್ತದೆ. ಕ್ಯಾನನ್ ಆರ್10, ನಿಕಾನ್ ಝಡ್50-2 ತರಹದವು ಹಕ್ಕಿಯ ಕಣ್ಣನ್ನೂ ಹುಡುಕುತ್ತವೆ. ಮಗಳ ಫೋಟೊ, ಮಿಂಚುಳ್ಳಿಯ ಫೋಟೊ ಎರಡೂ ಅದರಲ್ಲಿ ಸುಲಭವಾಗುತ್ತಿದ್ದವು. ಯಕ್ಷಗಾನದ್ದು 1/80ರಲ್ಲಿ ತೆಗೆದಿದ್ದರೆ ಅದರಲ್ಲೂ ಹೀಗೇ ಬರುತ್ತಿತ್ತು. ಮುಂದೆ ಎಂದಾದರೂ ಬದಲಿಸುವುದಾದರೆ ನಿಕಾನ್‌ನಲ್ಲೇ ಉಳಿಯಿರಿ. ನಿಮ್ಮ ಎರಡೂ ಲೆನ್ಸ್ ಎಫ್‌ಟಿಝಡ್ ಎಂಬ, ಡಿಎಸ್‌ಎಲ್‌ಆರ್ ಲೆನ್ಸ್ ಜೋಡಿಸುವ ಅಡಾಪ್ಟರ್ ಹಾಕಿದರೆ ಅಲ್ಲಿ ಆಟೊಫೋಕಸ್ ಸಹಿತ ಕೆಲಸ ಮಾಡುತ್ತವೆ.

ಕೊನೆಗೆ ಅಂಗಡಿಯವರ ಮಾತು. ಡಿಎಸ್‌ಎಲ್‌ಆರ್‌ಗಳಲ್ಲಿ ಕ್ಯಾಮೆರಾ, ಲೆನ್ಸ್ ನಡುವೆ ಹೊಂದಿಕೆ ತಪ್ಪಿ ಫೋಕಸ್ ಯಾವಾಗಲೂ ಸ್ವಲ್ಪ ಮುಂದೆಯೋ ಹಿಂದೆಯೋ ಬೀಳುವುದು ಉಂಟು. ಡಿ7500ರಂಥ ಮೇಲಿನ ಮಾದರಿಗಳಲ್ಲಿ ಅದನ್ನು ಮೆನುವಿನಲ್ಲೇ ತಿದ್ದಿಕೊಳ್ಳಬಹುದು, ಡಿ5600ದಲ್ಲಿ ಆ ಸೌಲಭ್ಯ ಇಲ್ಲ. ಇದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಿಬಿಡಿ. ಐದು ಚೆಸ್ ಕಾಯಿಗಳನ್ನು ಮೇಜಿನ ಮೇಲೆ ಓರೆಯಾಗಿ, ಒಂದರ ಹಿಂದೆ ಒಂದು, ನಡುವೆ ಮೂರ್ನಾಲ್ಕು ಸೆಂಟಿಮೀಟರ್ ಬಿಟ್ಟು ನಿಲ್ಲಿಸಿ. ಕಿಟಕಿಯ ಬೆಳಕು ಇರಲಿ. ಹಳದಿ ಬಲ್ಬಿನ ಕೆಳಗೆ ಬೇಡ, ಬೆಳಕಿನ ಬಣ್ಣ ಬದಲಾದರೆ ಫೋಕಸ್ ಕೊಂಚ ಸರಿಯುತ್ತದೆ. ಕ್ಯಾಮೆರಾ ಟ್ರೈಪಾಡ್ ಮೇಲೆ, 50 ಎಂಎಂ, ಎಫ್/1.8, ದೂರ ಒಂದೂವರೆ ಮೀಟರ್, ಎಎಫ್-ಎಸ್, ನಡುವಿನ ಒಂದೇ ಚೌಕ ನಡುವಿನ ಕಾಯಿಯ ಮೇಲೆ. ಸೆಲ್ಫ್ ಟೈಮರ್ ಹಾಕಿ. ಮೊದಲು ವ್ಯೂಫೈಂಡರ್‌ನಲ್ಲಿ ಹತ್ತು ಫೋಟೊ, ಪ್ರತಿ ಸಲವೂ ಅದಕ್ಕೆ ಮುಂಚೆ ಲೆನ್ಸ್ ಉಂಗುರ ತಿರುಗಿಸಿ ಪೂರ್ತಿ ಮಸುಕು ಮಾಡಿಕೊಂಡು. ಆಮೇಲೆ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆಯಲ್ಲಿ ನೋಡಿಕೊಂಡು, ಹತ್ತು. ಲೈವ್ ವ್ಯೂನಲ್ಲಿ ನಿಮ್ಮ ಕ್ಯಾಮೆರಾ ಮುಖ್ಯ ಸೆನ್ಸರ್ ಮೇಲೆ ಬಿದ್ದ ಚಿತ್ರವನ್ನೇ ನೋಡಿ ಫೋಕಸ್ ಮಾಡುತ್ತದೆ. ನಿಧಾನ, ಆದರೆ ಹೊಂದಿಕೆ ತಪ್ಪುವ ಮಾತಿಲ್ಲ. ಅದೇ ನಿಮ್ಮ ಅಳತೆಗೋಲು.

ಲೈವ್ ವ್ಯೂನಲ್ಲಿ ನಡುವಿನ ಕಾಯಿ ಚೂಪಾಗಿ, ವ್ಯೂಫೈಂಡರ್‌ನಲ್ಲಿ ಹತ್ತಕ್ಕೆ ಎಂಟು ಸಲ ಅದೇ ಹಿಂದಿನ ಅಥವಾ ಅದೇ ಮುಂದಿನ ಕಾಯಿ ಚೂಪಾಗಿ ಬಂದರೆ ಹೊಂದಿಕೆ ತಪ್ಪಿದೆ, ಅಂಗಡಿಯವರು ಹೇಳಿದ್ದು ಸರಿ. ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಸರಿ ಬಂದರೆ ಅದು ಬೆಳಕು ಸಾಲದ್ದೋ ಚೌಕ ಪಕ್ಕದ ಕಾಯಿಗೆ ತಾಗಿದ್ದೋ ಇರಬೇಕು, ಕಾಯಿಗಳನ್ನು ಇನ್ನಷ್ಟು ದೂರ ಸರಿಸಿ ಮತ್ತೆ ಮಾಡಿ. ಎರಡರಲ್ಲೂ ಯಾವ ಕಾಯಿಯೂ ಚೂಪಾಗದಿದ್ದರೆ ಲೆನ್ಸ್‌ನ ಗಾಜನ್ನೇ ನೋಡಿಸಬೇಕು. ನಮ್ಮ ಕರಾವಳಿಯ ಮಳೆಗಾಲಕ್ಕೆ ಒಳಗೆ ಬೂಸ್ಟು ಹಿಡಿದಿದ್ದರೂ ಆಶ್ಚರ್ಯವಿಲ್ಲ, ಟಾರ್ಚ್ ಹಾಕಿ ನೋಡಿದರೆ ಜೇಡರ ಬಲೆಯಂತೆ ಕಾಣುತ್ತದೆ.

ಸರ್ವಿಸ್‌ಗೆ ಕೊಡುವುದೇ ಆದರೆ ಲೆನ್ಸ್ ಒಂದನ್ನೇ ಕೊಡಬೇಡಿ, ಕ್ಯಾಮೆರಾವನ್ನೂ ಜೊತೆಗೆ ಕೊಡಿ. ಹೊಂದಿಸಬೇಕಾದ್ದು ಎರಡನ್ನೂ ಸೇರಿಸಿ. ಚೆಸ್ ಕಾಯಿಯ ಇಪ್ಪತ್ತೂ ಫೋಟೊಗಳನ್ನು ಪೆನ್ ಡ್ರೈವ್‌ಗೆ ಹಾಕಿ, ಯಾವ ದೂರ, ಯಾವ ಅಪರ್ಚರ್ (ಎಫ್ ಅಂಕಿ), ಫೋಕಸ್ ಮುಂದೆ ಬೀಳುತ್ತಿದೆಯೋ ಹಿಂದೆಯೋ ಎಂದು ಒಂದು ಚೀಟಿ ಬರೆದಿಡಿ. ಬರೀ "ಫೋಟೊ ಶಾರ್ಪ್ ಬರುವುದಿಲ್ಲ" ಎಂದು ಬರೆಸಿ ಬಂದರೆ ಧೂಳು ಒರೆಸಿ, ಸರಿ ಇದೆ ಅಂತ ವಾಪಸ್ ಕಳಿಸುವ ಸಾಧ್ಯತೆಯೇ ಹೆಚ್ಚು.